ದನಿ ಕೊಟ್ಟಾಕಿ

ಮುಖವನ್ನೇ ಕಂಡಿರದ ಹೆಂಗಸನ್ನು ಇಷ್ಟು ಮಂದಿಯ ನಡುವೆ ಗುರುತು ಹಿಡಿಯುವುದು ಹೇಗೆ ಎಂಬ ಚಿಂತೆ ಪಾರ್ವತಿಬಾಯಿಗೆ ಶಹಾಪುರದಲ್ಲಿ ಬಸ್ಸು ಹತ್ತುವಾಗಲೇ ಶುರುವಾಗಿತ್ತು. ಈಗ ಯಾದಗಿರಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ರಾಯಚೂರು ಕಡೆಯಿಂದ ಬರುವ ಗಾಡಿಗೆ ಕಾಯುತ್ತಿರುವಾಗ, ಅದು ಚಿಂತೆಯಲ್ಲ, ಅಂಜಿಕೆ ಎಂದು ಖಾತ್ರಿಯಾಯಿತು. ಅರವತ್ತು ದಾಟಿದ ಮೇಲೆ, ಊರೂರು ತಿರುಗಿ ಸಾವಿರಾರು ಮಂದಿಯ ಮುಂದೆ ರಂಗದ ಮೇಲೆ ನಿಂತು ಬಂದ ಮೇಲೆ, ಒಬ್ಬ ಮುದುಕಿಗೆ ಅಂಜಿ ಅಂಗೈ ಬೆವರುವುದೆಂದರೇನು? ಸೆರಗಿನಿಂದ ಅಂಗೈ ಒರೆಸಿಕೊಂಡಳು. ಮೊನ್ನೆ ಅವಳು ಬಚ್ಚಲಲ್ಲಿದ್ದಾಗ ಫೋನು ಬಂದಿತ್ತು. ಎತ್ತಿದವಳು ತಂಗಿಯ ಮಗಳು ಸವಿತಾ. ‘ದೊಡ್ಡವ್ವ, ಯಾರೋ ವಿಮಲಾಕ್ಷಿ ಅಂತ, ಬೆಂಗಳೂರಾಕಿ. ನಿನ್ನ ಸಿನೆಮಾಕ್ಕೆಲ್ಲ ಆಕೀನ ದನಿ ಕೊಟ್ಟಾಳಂತ. ಮಂತ್ರಾಲಯಕ್ಕ ಬಂದಾಳ, ನಿನ್ನ ನೋಡಿ ಹೋಗ್ತೀನಂತಾಳ. ಬಾ ಅನ್ನಲೋ ಬ್ಯಾಡ ಅನ್ನಲೋ?’ ತಲೆಯಿಂದ ನೀರು ಇಳಿಯುತ್ತಿರುವಾಗಲೇ ಪಾರ್ವತಿಬಾಯಿ ‘ಬಾ ಅನ್ನು’ ಎಂದುಬಿಟ್ಟಿದ್ದಳು. ಅಂದ ಮೇಲೆ ಎರಡು ದಿನ ರೊಟ್ಟಿ ಗಂಟಲಲ್ಲಿ ಇಳಿದಿರಲಿಲ್ಲ.

ಇಳಿಯದಿರಲು ಕಾರಣವಿತ್ತು. ದಸರೆಗೆ ಮುಂಚೆ ಕಲಬುರಗಿಯಿಂದ ಇಬ್ಬರು ಹುಡುಗರು ಕ್ಯಾಮೆರಾ ತೂಗಿಹಾಕಿಕೊಂಡು ಬಂದು, ಅವಳನ್ನು ಮನೆಯ ಕಟ್ಟೆಯ ಮೇಲೆ ಕೂರಿಸಿ, ಯೂಟ್ಯೂಬಿಗೆಂದು ಮಾತಾಡಿಸಿದ್ದರು. ಎಲ್ಲರೂ ಕೇಳುವಂತೆ ಅವರೂ ಅವಳ ಸಿನೆಮಾದ ಆ ಹೆಸರಾದ ಡೈಲಾಗ್ ಹೇಳಲು ಕೇಳಿದರು. ಅವಳು ಹೇಳಿದಳು. ಆ ತುಣುಕು ಶಹಾಪುರ, ಸುರಪುರ, ಗೋಗಿ, ಎಲ್ಲರ ಮೊಬೈಲಿನಲ್ಲಿ ಓಡಾಡಿತು. ಕೊನೆಗೆ, ಬಿಸಿಲು ಏರಿ ಅವಳಿಗೆ ಸಾಕಾಗಿದ್ದಾಗ, ಒಬ್ಬ ಹುಡುಗ ‘ಸಿನೆಮಾದಾಗಿನ ನಿಮ್ಮ ದನಿಗೂ ಈಗಿನ ದನಿಗೂ ಬಾಳ ಫರಕ್ ಅದಲ್ರಿ’ ಎಂದ. ‘ಆಗಿನ ಕಾಲಕ್ಕ ಒಂದು ಗಿಳಿ ತಂದು ಕೂಡಸ್ತಿದ್ರಪ. ಕಲಿಸಿದ್ದು ಒದರೂದು, ಮನಿಗಿ ಹೋಗೂದು’ ಎಂದಿದ್ದಳು ಪಾರ್ವತಿಬಾಯಿ. ಹುಡುಗರು ಅರ್ಥವಾಗದೆ ನಕ್ಕರು. ಅಷ್ಟು ಉದ್ದದ ಮಾತುಕತೆಯನ್ನು ಕೊನೆಯವರೆಗೆ ಊರಲ್ಲಿ ಯಾರೂ ನೋಡಲಿಲ್ಲ. ಬೆಂಗಳೂರಿನಲ್ಲಿ ಒಬ್ಬಳು ನೋಡಿರಬೇಕು. ನೋಡದೆ, ಮೂವತ್ತು ವರ್ಷ ಇಲ್ಲದ್ದು ಈಗೇಕೆ ಬರುತ್ತಿದ್ದಳು? ಎದುರು ನಿಂತು ‘ನಾನೇ ಆ ಗಿಳಿ’ ಎಂದರೆ ಏನು ಹೇಳುವುದು?

ಗಾಡಿ ಬಂತು. ಚೀಲ, ಮಕ್ಕಳು, ಕೊಡ, ಹಾಸಿಗೆ ಸುರುಳಿ ಎಲ್ಲ ಒಟ್ಟಿಗೆ ಇಳಿದವು. ಪಾರ್ವತಿಬಾಯಿ ಎದ್ದು ನಿಂತು ಒಬ್ಬೊಬ್ಬ ಹೆಂಗಸಿನ ಮುಖ ಹುಡುಕಿದಳು. ಅವಳ ಮನಸ್ಸಿನಲ್ಲಿ ಯಾವಾಗಲೂ ಇದ್ದದ್ದು ಎತ್ತರದ ಹೆಂಗಸು, ಬಿಳಿ ಮೈ, ಮೂಗಿನಲ್ಲಿ ವಜ್ರ, ತುಟಿಯಲ್ಲಿ ಸಣ್ಣ ಸೊಕ್ಕು. ಅಂಥವರು ಯಾರೂ ಇಳಿಯಲಿಲ್ಲ. ಮಂದಿ ಕರಗುತ್ತ ಬಂದರು. ಬರಲಿಲ್ಲ ಎಂದು ಅವಳಿಗೆ ಒಳಗೊಳಗೇ ಹಗುರವಾಗತೊಡಗಿದ ಹೊತ್ತಿಗೆ ಬೆನ್ನ ಹಿಂದಿನಿಂದ ಕೇಳಿಸಿತು: ‘ಹೊರಗೆ ಹೋಗೋ ದಾರಿ ಯಾವ ಕಡೆಗಪ್ಪಾ?’ ಪಾರ್ವತಿಬಾಯಿಯ ಬೆನ್ನು ಸೆಟೆಯಿತು. ಟಾಕೀಸಿನ ಕತ್ತಲಲ್ಲಿ ಪರದೆಯ ಮೇಲಿನ ತನ್ನ ಬಾಯಿಯಿಂದ ಬಂದ ದನಿ ಅದು. ಮಗನನ್ನು ಶಪಿಸಿದ, ಸೊಸೆಯನ್ನು ಹರಸಿದ, ಗಂಡನ ಹೆಣದ ಮೇಲೆ ಬಿದ್ದು ಅತ್ತ ದನಿ. ಈಗ ಯಾದಗಿರಿ ಸ್ಟೇಷನ್ನಿನಲ್ಲಿ ಚಹಾ ಮಾರುವವನ ಹತ್ತಿರ ದಾರಿ ಕೇಳುತ್ತಿತ್ತು. ತಿರುಗಿ ನೋಡಿದರೆ ಕುಳ್ಳಗಿನ, ತುಂಬಿದ ಮೈಯ ಮುದುಕಿ. ದಪ್ಪ ಗಾಜಿನ ಕನ್ನಡಕ, ಒಂದು ಕಾಲು ತುಸು ಎಳೆಯುತ್ತಿತ್ತು, ಕೈಯಲ್ಲಿ ಮಂತ್ರಾಲಯದ ಪ್ರಸಾದದ ಪೊಟ್ಟಣ. ಮೈಯೆಲ್ಲ ಮುಪ್ಪು ಹಿಡಿದಿದ್ದರೂ ದನಿಗೆ ಮಾತ್ರ ವಯಸ್ಸಾಗಿರಲಿಲ್ಲ. ಮೊದಲು ಹುಟ್ಟಿದ್ದು ಹೊಟ್ಟೆಕಿಚ್ಚು. ಅದನ್ನು ಅವಳು ತನಗೇ ಮರೆಮಾಚಲಿಲ್ಲ.

‘ಅಯ್ಯೋ!’ ಎಂದಿತು ಆ ದನಿ. ಮುದುಕಿ ಹತ್ತಿರ ಬಂದು, ಕನ್ನಡಕ ಮೇಲೇರಿಸಿ, ಪಾರ್ವತಿಬಾಯಿಯ ಕಣ್ಣನ್ನಲ್ಲ, ತುಟಿಯನ್ನೇ ನೋಡುತ್ತ ನಿಂತಳು. ‘ನೀವೇ. ಕೆಳತುಟಿಯ ಎಡಗಡೆ ಈ ಮಡಿಕೆ... ಇದನ್ನ ಎಷ್ಟು ವರ್ಷ ನೋಡಿದೀನಿ ನಾನು!’

‘ಬರ್ರಿ’ ಎಂದಳು ಪಾರ್ವತಿಬಾಯಿ. ‘ಬಸ್ಸಿಗಿ ಹೊತ್ತಾಗ್ತದ.’

ಭೀಮೆಯ ಸೇತುವೆ ದಾಟುವಾಗ ವಿಮಲಾಕ್ಷಿ ಕಿಟಕಿಯಿಂದ ತಲೆ ಹಾಕಿ ನೀರು ನೋಡಿದಳು, ಆಮೇಲೆ ಅರಳಿ ನಿಂತ ಹತ್ತಿಹೊಲಗಳನ್ನು ನೋಡಿ ಮಗುವಿನ ಹಾಗೆ ಪ್ರಶ್ನೆ ಕೇಳತೊಡಗಿದಳು. ಪಾರ್ವತಿಬಾಯಿ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟಳು. ಹೊಲವೆಂದರೆ ಅವಳಿಗೆ ಹುಟ್ಟೂರು ಸಗರದ ಜೋಳದ ಹೊಲ. ಹಕ್ಕಿ ಕಾಯಲು ಹಾಕಿದ ಅಟ್ಟ. ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತ ಕೂಗುತ್ತಿದ್ದ ಹುಡುಗಿ. ಆ ಕೂಗು ಹಳ್ಳದಾಚೆಗೂ ಹೋಗುತ್ತಿತ್ತು. ಒಂದು ದಿನ ಗೋಗಿಯ ದಾರಿಯಲ್ಲಿ ಸೈಕಲ್ ಮೇಲೆ ಹೊರಟಿದ್ದ ಯೂನುಸ ಮಾಸ್ತರ ಸೈಕಲ್ಲು ನಿಲ್ಲಿಸಿ, ಹೊಲಕ್ಕಿಳಿದು ಬಂದು, ಅವ್ವ ಮಲ್ಲಾಬಾಯಿಯ ಮುಂದೆ ಕೈಕಟ್ಟಿ ನಿಂತರು. ಅವರು ಹಳ್ಳಿ ಹಳ್ಳಿಗೆ ಹೋಗಿ ನಾಟಕ ಕಲಿಸುವವರು, ಹಾರ್ಮೋನಿಯಂ ಪೇಟಿ ನುಡಿಸುವವರು. ‘ಯವ್ವಾ, ಈ ದನಿ ಬರೇ ಹಕ್ಕಿ ಕೇಳಿದ್ರ ಹ್ಯಾಂಗ? ನನಗ ಕೊಡ್ರಿ’ ಎಂದರು. ಅಪ್ಪ ಕುಡಗೋಲು ಹಿಡಿದು ಬೆನ್ನಟ್ಟಿದ. ಅವ್ವ ಒಂದು ವಾರ ಮಾತಾಡದೆ ಕೂತು, ಆಮೇಲೆ ಒಂದು ಬೆಳಿಗ್ಗೆ ತಾನೇ ಮಗಳ ತಲೆ ಬಾಚಿ, ‘ಹೋಗು. ನಿನ್ನ ಗಂಟಲಾ ನನಗಿದ್ದಿದ್ರ ನಾನೂ ಹೋಗ್ತಿದ್ದೆ’ ಎಂದಳು. ಕುಲದವರ ಬಾಯಲ್ಲಿ ಪಾರ್ವತಿ ‘ನಾಟಕದಾಕಿ’ ಆದಳು. ತಂಗಿಯ ಮದುವೆ ಎರಡು ಸಲ ಮುರಿಯಿತು. ಆದರೂ ಅವ್ವ ಆ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ನಾಟಕ ಕಂಪನಿಯ ತಗಡಿನ ಥಿಯೇಟರಿನಲ್ಲಿ ಕೊನೆಯ ಸಾಲಿನವರೆಗೆ ಮೈಕಿಲ್ಲದೆ ಮುಟ್ಟುತ್ತಿದ್ದ ಒಂದೇ ಹೆಣ್ಣುದನಿ ಅವಳದು.

ಆ ದನಿಯನ್ನೇ ಸಿನೆಮಾದವರು ಬೇಡವೆಂದರು. ನಾಟಕ ನೋಡಲು ಬಂದ ನಿರ್ದೇಶಕರೊಬ್ಬರು ಅವಳ ಕಣ್ಣು ಮೆಚ್ಚಿ, ತಾಯಿಯ ಪಾತ್ರಕ್ಕೆ ಬೆಂಗಳೂರಿಗೆ ಕರೆಸಿಕೊಂಡರು. ಶೂಟಿಂಗಿನಲ್ಲಿ ಅವಳು ಹೃದಯ ಹರಿದು ಮಾತಾಡಿದಾಗ ಹಿಂದೆ ಯಾರೋ ಕಿಸಕ್ಕೆಂದರು. ‘ಜಗಳ ಆಡಿದ ಹಾಗಿದೆ ಇವರ ಕನ್ನಡ’ ಎಂದರು ನಿರ್ದೇಶಕರು, ಸಿಟ್ಟಿನಿಂದಲ್ಲ, ನಗುತ್ತಲೇ. ‘ಪರವಾಗಿಲ್ಲಮ್ಮ, ನೀವು ನಿಮ್ಮ ಥರಾನೇ ಹೇಳಿ. ಡಬ್ಬಿಂಗಲ್ಲಿ ಸರಿ ಮಾಡ್ಕೋತೀವಿ.’ ಡಬ್ಬಿಂಗ್ ಎಂದರೇನೆಂದು ಅವಳು ಕೇಳಲಿಲ್ಲ; ಕೇಳಿದರೆ ಹಳ್ಳಿಯವಳೆನ್ನುತ್ತಾರೆಂದು ಅಂಜಿದಳು. ಗೊತ್ತಾದದ್ದು ಆರು ತಿಂಗಳ ಮೇಲೆ, ಶಹಾಪುರದ ಟಾಕೀಸಿನಲ್ಲಿ, ಅವ್ವನ ಪಕ್ಕದಲ್ಲಿ ಕೂತು. ಪರದೆಯ ಮೇಲೆ ತನ್ನ ಮುಖ ಬಂತು, ಟಾಕೀಸೆಲ್ಲ ಸಿಳ್ಳೆ ಹೊಡೆಯಿತು, ಮುಖ ಬಾಯಿ ತೆರೆಯಿತು. ಅವ್ವ ಗಕ್ಕನೆ ಅವಳ ರಟ್ಟೆ ಹಿಡಿದಳು. ‘ಪಾರೂ, ಯಾರೋ ನಿನ್ನ ಬಾಯಾಗ ಕುಂತಾರ. ಏಳು, ಹೊರಗ ನಡಿ.’ ಸುತ್ತಲಿನವರು ‘ಶ್!’ ಎಂದರು. ‘ಸುಮ್ನ ಕುಂದ್ರಬೇ, ಮಂದಿ ನಗತಾರ’ ಎಂದಳು ಅವಳು. ಅವ್ವ ಒಬ್ಬಳೇ ಎದ್ದು ಹೋಗಿ ಸಿನೆಮಾ ಬಿಡುವವರೆಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತಳು. ಪಾರ್ವತಿಬಾಯಿ ಒಳಗೇ ಕೂತಳು. ತನ್ನನ್ನು ತಾನು ನೋಡಿಕೊಳ್ಳುವ ಆಸೆ ಅಷ್ಟಿತ್ತು. ಅವ್ವನ ಹಿಂದೆ ಹೋಗಬೇಕಿತ್ತೆಂದು ಆಮೇಲೆ ಎಷ್ಟು ಸಲ ಅನ್ನಿಸಿತೋ!

‘ಏನೋ ಯೋಚನೆ ಮಾಡ್ತಿದೀರಿ’ ಎಂದಳು ವಿಮಲಾಕ್ಷಿ.

‘ಏನಿಲ್ರಿ. ಬಿಸಿಲು.’

ಶಹಾಪುರದ ಮನೆಯಲ್ಲಿ ಸವಿತಾ ಶಾಲೆಗೆ ಹೋಗುವ ಮುಂಚೆ ರೊಟ್ಟಿ ಬಡಿದಿಟ್ಟಿದ್ದಳು. ಪುಂಡಿಪಲ್ಯ, ಬದನೆಕಾಯಿ, ಹಸಿಮೆಣಸಿನಕಾಯಿಯ ಹಿಂಡಿ. ತಾಟು ಇಡುವಾಗಲೂ ಪಾರ್ವತಿಬಾಯಿ ಎದುರಿನವಳ ಬಾಯಿಯಿಂದ ಆ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದಳು. ವಿಮಲಾಕ್ಷಿ ರೊಟ್ಟಿ ಮುರಿದಳು, ಹಿಂಡಿ ಹಚ್ಚಿದಳು, ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು, ಮೂಗಿನಲ್ಲಿ ಬಂತು, ಕನ್ನಡಕ ಮಸುಕಾಯಿತು. ಗಟಗಟ ನೀರು ಕುಡಿದು, ಸೆರಗಿನಿಂದ ಮುಖ ಒತ್ತಿಕೊಂಡು, ಮತ್ತೊಂದು ತುಂಡಿಗೆ ಹಿಂಡಿ ಹಚ್ಚುತ್ತ ಹೇಳಿದಳು: ‘ಗಿಳಿ ಅಂದಮೇಲೆ ಮೆಣಸಿನಕಾಯಿ ತಿನ್ನಲೇಬೇಕಲ್ವಾ.’

ಪಾರ್ವತಿಬಾಯಿಯ ಕೈ ಪಲ್ಯದ ಬೋಗುಣಿಯ ಮೇಲೇ ನಿಂತಿತು. ಭೂಮಿ ಬಾಯಿಬಿಡುತ್ತದೆ ಎಂದು ನಾಟಕಗಳಲ್ಲಿ ಎಷ್ಟೋ ಸಲ ಹೇಳಿದ್ದಳು. ಈಗ ಅದು ಬಿಟ್ಟಿದ್ದರೆ ನಿಜಕ್ಕೂ ಇಳಿಯುತ್ತಿದ್ದಳು. ‘ಅಕ್ಕಾರ, ಅವತ್ತು ನನ್ನ ನಾಲಿಗಿ...’ ಎಂದು ಶುರುಮಾಡಿದಳು. ವಿಮಲಾಕ್ಷಿ ಎಡಗೈ ಎತ್ತಿ ತಡೆದಳು. ‘ಬಿಡ್ರೀ. ನನ್ನ ಯಜಮಾನರು ಇದ್ದಾಗ ಇದಕ್ಕಿಂತ ಕೆಟ್ಟದ್ದು ಅಂತಿದ್ರು. ನಾನು ಬಂದಿದ್ದು ಜಗಳಕ್ಕಲ್ಲ.’ ಜಗಳಕ್ಕಲ್ಲದಿದ್ದರೆ ಯಾತಕ್ಕೆಂದು ಹೇಳಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು.

ಬಂದವಳು ಪಕ್ಕದ ಮನೆಯ ಗುಲ್ನಾಜ್. ಪಾರ್ವತಿಬಾಯಿಗೆ ಜ್ವರ ಬಂದರೆ ಗಂಜಿ ತರುವವಳು, ಮಗಳಂಥವಳು. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಅವಳ ಹೈದರಾಬಾದಿನ ನಾದಿನಿಯರು ಒಬ್ಬರ ಮೇಲೊಬ್ಬರು ಬಿದ್ದು ಇಣುಕುತ್ತಿದ್ದರು. ‘ಅವ್ವಾರ, ಇವ್ರು ನಂಬವಲ್ಲರು ನೋಡ್ರಿ. ನಮ್ಮ ಬಾಜೂ ಮನ್ಯಾಗ ಸಿನೆಮಾದಾಕಿ ಅದಾಳ ಅಂದ್ರ ಸುಳ್ಳಂತಾರ. ಒಂದ್ಸಲ ಆ ಡೈಲಾಗ್ ಹೇಳಿಬಿಡ್ರಿ.’

ಪಾರ್ವತಿಬಾಯಿ ವಿಮಲಾಕ್ಷಿಯ ಕಡೆ ನೋಡಲಿಲ್ಲ. ನೋಡಲಾಗಲಿಲ್ಲ. ಶೂಟಿಂಗ್ ಮುಗಿದ ಮೇಲೆ ಆ ಡೈಲಾಗನ್ನು ಅವಳು ತನ್ನ ದನಿಯಲ್ಲಿ ಎಂದೂ ಯಾರಿಗೂ ಹೇಳಿರಲಿಲ್ಲ. ಸಿನೆಮಾ ಓಡಿದ ಮೇಲೆ ಕಂಪನಿಗೆ ತಿರುಗಿ ಬಂದಾಗ ಜನ ನಾಟಕದ ನಡುವೆಯೇ ಕೂಗಿದ್ದರು, ‘ಸಿನೆಮಾದ ದನಿ ತಗೀರಿ!’ ಎಂದು. ಆಗ ಅವಳು ಬಣ್ಣದ ಮನೆಯ ಕನ್ನಡಿಯ ಮುಂದೆ ಕೂತು ಗಂಟಲನ್ನು ಸಣ್ಣಗೆ ಮಾಡಿಕೊಂಡು, ಆ ಕಾಣದ ಹೆಂಗಸಿನ ಏರಿಳಿತವನ್ನು ಕಲಿತಿದ್ದಳು. ಯೂನುಸ ಮಾಸ್ತರ ಅದನ್ನು ಮೊದಲ ಸಲ ಕೇಳಿದಾಗ ಪೇಟಿ ಮುಚ್ಚಿ, ‘ಪಾರೂ, ಇದು ಯಾರ ಗಂಟಲವ್ವ?’ ಎಂದಿದ್ದರು. ಅವಳು ಉತ್ತರ ಕೊಟ್ಟಿರಲಿಲ್ಲ. ಅಂದಿನಿಂದ ಇಂದಿನವರೆಗೆ ಸನ್ಮಾನದಲ್ಲಿ, ಮದುವೆಯಲ್ಲಿ, ಬಸ್‌ ಸ್ಟ್ಯಾಂಡಿನಲ್ಲಿ ಕಳವು ಮಾಲು ತೆಗೆದು ತೋರಿಸಿದ ಹಾಗೆ ಆ ದನಿಯನ್ನು ತೆಗೆದು ತೋರಿಸುತ್ತ ಬಂದಿದ್ದಳು. ಮಾಲಿನ ಒಡತಿ ಇವತ್ತು ಎದುರಿಗೇ ಕೂತು ರೊಟ್ಟಿ ತಿನ್ನುತ್ತಿದ್ದಾಳೆ.

‘ಹೇಳ್ರೀ ಅವ್ವಾರ, ನೆಟ್‌ವರ್ಕ್ ಹೋಗ್ತದ.’

ಪಾರ್ವತಿಬಾಯಿ ಮೊಬೈಲಿನ ಕಡೆ ಮುಖ ಮಾಡಿದಳು. ‘ಹೊಸಿಲು ದಾಟಿದವನು ಹಿಂದಿರುಗಿ ಬರಬಹುದು...’ ದನಿ ನಡುವೆ ಸೀಳಿತು. ಕೆಮ್ಮಿದಳು, ಮತ್ತೆ ಎತ್ತಿಕೊಂಡಳು. ‘ಮನಸ್ಸು ದಾಟಿದವನು ಬರಲಾರ.’ ಮೊಬೈಲಿನಲ್ಲಿ ನಾದಿನಿಯರು ಕೈ ತಟ್ಟಿದರು. ಗುಲ್ನಾಜ್ ಹೋಗುವಾಗ, ಪಾಪ, ಸಮಾಧಾನಕ್ಕೆಂದೇ ಹೇಳಿದಳು: ‘ಮೊದಲಿನ ದನಿ ಉಳಿದಿಲ್ರಿ ಅವ್ವಾರ. ಇರಲಿ, ವಯಸ್ಸಾತಲ್ಲ.’

ಪಾರ್ವತಿಬಾಯಿ ಎದ್ದು ಬಾಗಿಲು ಮುಚ್ಚಿದಳು. ಹೊರಗೆ, ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಮೇಲೆ ಬಿಸಿಲು ಬೆಳ್ಳಗೆ ಹೊಡೆಯುತ್ತಿತ್ತು. ವಿಮಲಾಕ್ಷಿ ಕೈ ತೊಳೆದು ಬಂದು ಹಾಸಿದ ಜಮಖಾನೆಯ ಮೇಲೆ ಕಾಲು ಚಾಚಿ ಕೂತಳು.

‘ನೀವು ಅದನ್ನ ಹಾಗೆ ಹೇಳಿರಲಿಲ್ಲ’ ಎಂದಳು.

‘ಇಲ್ರಿ. ಅದು ನಿಮ್ಮ ದನಿ ಅಲ್ಲೇನ್ರಿ. ನಾ ಬರೇ ಅಣಕ ಮಾಡ್ತೀನಿ.’

‘ಅದಲ್ಲ ನಾನು ಹೇಳಿದ್ದು. ಶೂಟಿಂಗಲ್ಲಿ ನೀವು ಹೇಳಿದ್ದು. “ಹೊಸ್ತಿಲಾ ದಾಟಿದಾಂವ ತಿರುಗಿ ಬರತಾನ” ಅಂದಿದ್ರಿ. ಆಮೇಲೆ ನಿಲ್ಲಿಸಿದ್ರಿ. ಆಮೇಲೆ “ಮನಸ ದಾಟಿದಾಂವ ಬರಾಂಗಿಲ್ಲ”.’

ಪಾರ್ವತಿಬಾಯಿ ಕಣ್ಣು ಬಿಟ್ಟು ನೋಡಿದಳು. ಆ ಹೆಂಗಸಿನ ಬಾಯಲ್ಲಿ ಸಗರದ ಮಾತು ಅರೆಬರೆ ಬೆಂದಂತೆ ಇತ್ತು, ಆದರೆ ತೂಕ ತಪ್ಪಿರಲಿಲ್ಲ. ‘ನಿಮಗ ಹ್ಯಾಂಗ ಗೊತ್ರಿ?’

‘ಗೊತ್ತಿಲ್ದೆ ಡಬ್ಬಿಂಗ್ ಮಾಡೋದು ಹೇಗೆ? ಶೂಟಿಂಗಿನಲ್ಲಿ ಹಿಡಿದಿರೋ ದನೀನ ನಮ್ಮ ಕಿವಿಗೆ ಹಾಕ್ತಾರೆ. ಅದನ್ನ ಕೇಳ್ಕೊಂಡು, ಪರದೆ ಮೇಲೆ ತುಟಿ ನೋಡ್ಕೊಂಡು ನಾವು ಹೇಳಬೇಕು. ಎಲ್ಲ ಸಿನೆಮಾದಲ್ಲೂ ನೀವು ನನ್ನ ಕಿವಿ ಒಳಗಿದ್ರಿ, ಪಾರ್ವತಮ್ಮ. ಮೊದಮೊದಲು ಹೆದರಿಕೆ ಆಗೋದು ನನಗೆ, ಇದೇನು ಹೀಗೆ ಹೊಡೆದ ಹಾಗೆ ಮಾತಾಡ್ತಾರೆ ಅಂತ. ಆಮೇಲೆ ಏನಾಯ್ತು ಗೊತ್ತಾ, ಮಗೂನ ಶಾಲೆಗೆ ಬಿಟ್ಟು ಸ್ಟುಡಿಯೋಗೆ ಹೋಗುವಾಗ ಇವತ್ತು ಅವರದ್ದು ಇದ್ಯಾ ಅಂತ ಕೇಳೋದು. ನಿಮ್ಮದಿದ್ರೆ ಖುಷಿ. ನೀವು ಎಲ್ಲಿ ಮುರೀತೀರೋ ಅಲ್ಲಿ ನಾನು ಮುರೀತಿದ್ದೆ, ಅಷ್ಟೆ. ಭಾಷೆ ನನ್ನದು. ಅಳೋದು ನಿಮ್ಮದೇ.’

ಪಾರ್ವತಿಬಾಯಿ ಖಾಲಿ ಲೋಟಕ್ಕೆ ನೀರು ಹಾಕಿದಳು.

‘ನಿಮ್ಮ ಮೊದಲನೇ ಸಿನೆಮಾದ ಆ ಡೈಲಾಗ್ ಇದ್ಯಲ್ಲ,’ ವಿಮಲಾಕ್ಷಿ ಮುಂದುವರಿಸಿದಳು. ‘ನಡುವೆ ನಿಲ್ಲಿಸಿದ್ರಲ್ಲ ನೀವು, ಅಲ್ಲಿ ಒಂದು ಉಸಿರಿತ್ತು. ಉಸಿರೂ ಅಲ್ಲ, ಗುಟುಕು ನುಂಗಿದ ಹಾಗೆ. ನನಗೆ ಬರಲೇ ಇಲ್ಲ. ಬೆಳಿಗ್ಗೆಯಿಂದ ಮಾಡಿದೆ. ಮಾಡಿದ್ದೆಲ್ಲ ನಾಟಕ ಅನ್ನಿಸೋದು. ಸೌಂಡ್ ಇಂಜಿನಿಯರು ಬಿಟ್ಬಿಡಿ ಮೇಡಂ, ಯಾರು ಕೇಳಿಸ್ಕೋತಾರೆ ಅಂದ್ರು. ನಾನು ಹಟ ಮಾಡಿದೆ. ನನ್ನದು ಹಾಕಬೇಡಿ, ಅವರದ್ದೇ ಇಡಿ ಅಂದೆ. ಕ್ಯಾಮೆರಾ ಸದ್ದು ಸೇರಿದೆ, ಆಗಲ್ಲ ಅಂದ್ರು. ಕೊನೆಗೆ ನಾನು ಅತ್ತುಬಿಟ್ಟೆ, ಅವರೇ ಪಾಪ ಬಾಗಿಲು ಕಿರಗುಟ್ಟೋ ಸದ್ದಿನ ಅಡಿಯಲ್ಲಿ ಅದನ್ನ ಸೇರಿಸಿದ್ರು. ಇವತ್ತಿಗೂ ಇದೆ. ಆ ಉಸಿರು ನಿಮ್ಮದು. ಇದನ್ನ ನಿಮಗೆ ಹೇಳಬೇಕು ಅಂತ ಎಷ್ಟು ವರ್ಷದಿಂದ ಅಂದ್ಕೊಳ್ತಿದ್ದೆ. ನಿಮ್ಮನ್ನ ಆ ಯೂಟ್ಯೂಬಿನಲ್ಲಿ ನೋಡಿದ ಮೇಲೆ, ಇನ್ನು ತಡ ಮಾಡಿದ್ರೆ ನಾನು ಹೋಗಿಬಿಡ್ತೀನೋ ನೀವು ಹೋಗಿಬಿಡ್ತೀರೋ ಅನ್ನಿಸ್ತು.’

ಟಾಕೀಸಿನಲ್ಲಿ ಅವ್ವ ಆ ಡೈಲಾಗಿಗೆ ಮುಂಚೆಯೇ ಎದ್ದು ಹೋಗಿದ್ದಳು. ಇನ್ನು ಸ್ವಲ್ಪ ಕೂತಿದ್ದರೆ ಮಗಳ ಉಸಿರು ಅವಳ ಕಿವಿಗೆ ಬೀಳುತ್ತಿತ್ತು. ಸಾವಿರ ಸದ್ದಿನಲ್ಲಿ ಅವಳು ಅದನ್ನು ಹಿಡಿಯುತ್ತಿದ್ದಳು. ಈಗ ಅವ್ವನಿಲ್ಲ, ಆ ಟಾಕೀಸೂ ಇಲ್ಲ, ಅಲ್ಲಿ ಬಟ್ಟೆ ಅಂಗಡಿ ಬಂದಿದೆ. ಪಾರ್ವತಿಬಾಯಿಗೆ ಅಳು ಬರಬೇಕಿತ್ತು. ಬರಲಿಲ್ಲ. ಎದ್ದು, ಆ ಮುದುಕಿಯ ಊದಿದ ಪಾದದ ಹತ್ತಿರ ಕೂತು, ‘ಕಾಲು ನೋಯಾಕತ್ತಾವೇನ್ರಿ ಅಕ್ಕಾರ’ ಎಂದು ಒತ್ತತೊಡಗಿದಳು. ವಿಮಲಾಕ್ಷಿ ‘ಅಯ್ಯೋ ಬೇಡ, ಬೇಡ’ ಎಂದಳು. ಕಾಲು ಮಾತ್ರ ಎಳೆದುಕೊಳ್ಳಲಿಲ್ಲ. ಆಮೇಲೆ ಇಬ್ಬರೂ ಹಗುರವಾಗಿ ಸುಳ್ಳು ನಿಜ ಬೆರೆಸಿ ಹರಟಿದರು. ತರಕಾರಿ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಬೆಲೆ ಕೇಳಿದರೆ ಜನ ಎಲ್ಲೋ ಕೇಳಿದ ದನಿಯೆಂದು ತಿರುಗಿ ನೋಡಿ, ಮುಖ ಕಂಡು ಸುಮ್ಮನಾಗುತ್ತಿದ್ದರೆಂದು ವಿಮಲಾಕ್ಷಿ ನಗುತ್ತ ಹೇಳಿದಳು. ಈಗಿನ ಸೀರಿಯಲ್ಲಿನವರು ‘ಇನ್ನೂ ಒರಟಾಗಿ ಮಾತಾಡಿ ಅಜ್ಜಿ, ಜನ ನಗಬೇಕು’ ಎನ್ನುತ್ತಾರೆಂದು ಪಾರ್ವತಿಬಾಯಿ ಹೇಳಿದಳು. ಅದಕ್ಕೆ ಮಾತ್ರ ವಿಮಲಾಕ್ಷಿ ನಗಲಿಲ್ಲ.

‘ನನಗೆ ಒಂದೇ ಆಸೆ’ ಎಂದಳು. ‘ನಿಮ್ಮನ್ನ ಕಿವಿಯೊಳಗಿಂದಲ್ಲ, ಎದುರಿಗೆ ಕೂತು ಕೇಳಬೇಕು.’

‘ಹಂಗಾರ ಏಳ್ರಿ’ ಎಂದಳು ಪಾರ್ವತಿಬಾಯಿ. ‘ಇವತ್ತು ಸುರಪುರದಾಗ ನಾಟಕದ ತಾಲೀಮು ಅದ.’

ಕಕ್ಕೇರಾದ ರೈತರು ಆಡುವ ನಾಟಕದಲ್ಲಿ ಅವಳು ತಾಯಿಯ ಪಾತ್ರಕ್ಕೆ ಒಪ್ಪಿದ್ದಳು. ಯೂನುಸ ಮಾಸ್ತರರಿಗೆ ಈಗ ಓಡಾಟ ಆಗುವುದಿಲ್ಲವಾದ್ದರಿಂದ ಅವರೆಲ್ಲ ಸುರಪುರಕ್ಕೇ ಬಂದು, ಮಾಸ್ತರರ ಮನೆಯ ಹತ್ತಿರದ ಸಮುದಾಯ ಭವನದಲ್ಲಿ ತಾಲೀಮು ಮಾಡುತ್ತಿದ್ದರು. ಬಸ್ಸಿಳಿದು ಏರುದಾರಿಯಲ್ಲಿ ವಿಮಲಾಕ್ಷಿಯ ಕೈ ಹಿಡಿದು ನಡೆಸಿಕೊಂಡು ಹೋಗುವಾಗ ಪಾರ್ವತಿಬಾಯಿಗೆ ಮತ್ತೆ ಒಂದು ಅಳುಕು ಹೊಕ್ಕಿತು. ಒಳಗೆ ಹೋದ ಕೂಡಲೇ ಇವರಾರೆಂದು ಕೇಳುತ್ತಾರೆ. ಬೆಂಗಳೂರಿನ ಗೆಳತಿ ಎನ್ನಬಹುದು. ಅದು ಸುಳ್ಳೂ ಅಲ್ಲ. ಈ ಸೀಮೆಯಲ್ಲಿ ಅವಳಿಗೆ ಉಳಿದಿರುವ ಮರ್ಯಾದೆಯೆಲ್ಲ ಆ ಒಂದು ಡೈಲಾಗಿನ ಮೇಲೆ ನಿಂತಿದೆ. ಅದನ್ನು ತಾನೇ ಕೈಯಾರೆ ಕೆಡವುವುದೇಕೆ? ಪಕ್ಕದಲ್ಲಿ ವಿಮಲಾಕ್ಷಿ ಏದುಸಿರು ಬಿಡುತ್ತ, ಕಾಲೆಳೆಯುತ್ತ, ಏನೂ ಕೇಳದೆ ಹತ್ತುತ್ತಿದ್ದಳು.

ಭವನದಲ್ಲಿ ಹುಡುಗರು ಹೊಲದಿಂದ ನೇರ ಬಂದಿದ್ದರು. ಕಾಲಿಗೆ ಕೆಸರು ಒಣಗಿತ್ತು. ಮಗನ ಪಾತ್ರದ ದೇವಿಂದ್ರ ಓಡಿಬಂದು ಪ್ಲಾಸ್ಟಿಕ್ ಕುರ್ಚಿ ಒರೆಸಿ ಹಾಕಿದ. ‘ಬರ್ರಿ ಬಾಯಾರ. ಇವ್ರು ಯಾರ್ರಿ?’

ಪೇಟಿಯ ಹಿಂದಿನಿಂದ ಯೂನುಸ ಮಾಸ್ತರರೂ ತಲೆಯೆತ್ತಿದರು. ಎಂಬತ್ತು ದಾಟಿದ ಅವರ ಕಣ್ಣಿಗೆ ಪೊರೆ ಬಂದಿತ್ತು, ಕಿವಿ ಮಾತ್ರ ಹಾಗೇ ಇತ್ತು.

‘ಸಿನೆಮಾದಾಗ ನನಗ ದನಿ ಕೊಟ್ಟಾಕಿ’ ಎಂದಳು ಪಾರ್ವತಿಬಾಯಿ. ಹೇಳಿದ ಮೇಲೆಯೇ ಹೇಳಿದ್ದು ತಿಳಿಯಿತು. ‘ನೀವೆಲ್ಲ ಕೇಳಿದ್ದು ಇವರ ದನಿ. ಹೊಸ್ತಿಲ ಡೈಲಾಗ್ ಅಂತೀರಲ್ಲ, ಅದು ಹೇಳಿದಾಕಿ ಇವರು. ನಾ ಅಲ್ಲ.’

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ದೇವಿಂದ್ರನ ಬಾಯಿ ತುಸು ತೆರೆದಿತ್ತು. ‘ಅಂದ್ರ... ಮೊನ್ನಿ ನಮ್ಮ ಮದುವಿ ಮನ್ಯಾಗ ನೀವು ಹೇಳಿದ್ರಲ್ರಿ?’

‘ಇವರದ್ದು ತಂದು ಹೇಳಿದ್ದೆ.’

ಯಾರೋ ಹಿಂದೆ ಸಣ್ಣಗೆ ನಕ್ಕರು. ಪಾರ್ವತಿಬಾಯಿಯ ಕಿವಿ ಬಿಸಿಯಾಯಿತು. ಆದರೆ ಇಷ್ಟು ವರ್ಷ ಇದಕ್ಕೆ ಅಂಜಿಕೊಂಡು ಬಂದೆನೇ, ಇದು ಇಷ್ಟೆಯೇ ಎಂದೂ ಅನ್ನಿಸಿತು. ಯೂನುಸ ಮಾಸ್ತರ ಕೈ ಎತ್ತಿ ವಿಮಲಾಕ್ಷಿ ಇದ್ದ ದಿಕ್ಕಿಗೆ ಸಲಾಮು ಮಾಡಿದರು. ‘ಬರ್ರಿ ಬೆಹೆನಜಿ. ಅವತ್ತು ಯಾರ ಗಂಟಲಾ ಅಂತ ಈಕಿನ್ನ ಕೇಳಿದ್ದೆ. ಇವತ್ತು ಹೇಳ್ಯಾಳ ನೋಡ್ರಿ.’ ಹುಡುಗರು ಸುತ್ತುವರಿದು ಆ ಡೈಲಾಗ್ ಒಮ್ಮೆ ಹೇಳಿರೆಂದು ವಿಮಲಾಕ್ಷಿಗೆ ದುಂಬಾಲುಬಿದ್ದರು. ಅವಳು ತಲೆಯಲ್ಲಾಡಿಸಿದಳು. ‘ಇಲ್ಲಪ್ಪ. ನಾನು ಕೇಳೋಕೆ ಬಂದಿರೋದು.’ ಕುರ್ಚಿಯನ್ನು ತಾನೇ ಎಳೆದುಕೊಂಡು, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಕೂತಳು.

ಬಹಳ ವರ್ಷದ ಮೇಲೆ ಊರಿಗೆ ಬಂದ ಮಗ ತಾನಾರೆಂದು ಹೇಳದೆ ತಾಯಿಯ ಮನೆಯಲ್ಲಿ ಊಟಕ್ಕೆ ಕೂರುವ ದೃಶ್ಯ. ತಾಯಿಗೆ ಗುರುತು ಹತ್ತಿದೆ; ಹತ್ತಿದ್ದನ್ನು ಅವಳೂ ಹೇಳುವುದಿಲ್ಲ. ಪೇಟಿ ಶುರುವಾಯಿತು. ಪಾರ್ವತಿಬಾಯಿ ಸೆರಗು ಸುತ್ತಿ ನಿಂತು ದನಿ ಎತ್ತಿದಳು. ‘ಉಣ್ಣು. ಯಾರ ಮಗ ಇದ್ದೀ ಅಂತ ನಾ ಕೇಳಂಗಿಲ್ಲ. ಹಸದು ಬಂದಾಂವ ಯಾರೇ ಇರಲಿ, ಈ ಮನಿ ಮಗಾನ ಅವ.’ ಒರಟು ದನಿ, ಸಗರದ ಹೊಲದ ದನಿ, ಮುಪ್ಪಿನಿಂದ ಅಂಚು ಹರಿದಿದ್ದರೂ ಭವನದ ತಗಡಿಗೆ ಬಡಿದು ತಿರುಗಿ ಬಂತು. ದೃಶ್ಯ ಮುಗಿದಾಗ ದೇವಿಂದ್ರನ ಕಣ್ಣು ತೇವವಾಗಿತ್ತು; ಎಲ್ಲರೂ ಚಪ್ಪಾಳೆ ಹೊಡೆದರು.

ವಿಮಲಾಕ್ಷಿ ಹೊಡೆಯಲಿಲ್ಲ. ಕಣ್ಣು ತೆರೆದು, ಕನ್ನಡಕ ಹಾಕಿಕೊಂಡು, ಸ್ವಲ್ಪ ಹಿಂಜರಿಯುತ್ತ ಹೇಳಿದಳು: ‘ಒಂದು ಮಾತು ಹೇಳಲಾ, ಬೇಜಾರು ಮಾಡ್ಕೋಬೇಡಿ. “ಉಣ್ಣು” ಅಂದಮೇಲೆ ಬೇಗ ಬಂದುಬಿಟ್ರಿ. ಜನ ಇದ್ದಾರೆ ಅಂತ ಬಂದ್ರಿ. ಮೊದಲೆಲ್ಲ ನೀವು ಹಾಗೆ ಮಾಡ್ತಿರಲಿಲ್ಲ. ಅವನು ತುತ್ತು ಬಾಯಿಗಿಡಲಿ. ನುಂಗಲಿ. ಆಮೇಲೆ ಹೇಳಿ.’

ಹುಡುಗರು ಪಾರ್ವತಿಬಾಯಿಯ ಕಡೆ ತಿರುಗಿದರು. ಬಾಯಾರನ್ನು ತಿದ್ದುವ ಎದೆಗಾರಿಕೆ ಅಲ್ಲಿ ಯಾರಿಗೂ ಇರಲಿಲ್ಲ. ಮಾಸ್ತರರೇ ತಿದ್ದುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಸನ್ಮಾನ, ಶಾಲು, ಹಾರ, ‘ನಮ್ಮ ಭಾಗದ ಹೆಮ್ಮೆ’ ಎಲ್ಲ ಸಿಕ್ಕಿದ್ದವು. ಕೇಳಿಸಿಕೊಂಡು, ಇಲ್ಲಿ ಅವಸರ ಮಾಡಿದೆ ಎನ್ನುವವರು ಸಿಕ್ಕಿರಲಿಲ್ಲ. ಪಾರ್ವತಿಬಾಯಿಗೆ, ಯಾರಿಗೆಂದು ಗೊತ್ತಾಗದೆ, ಎಲ್ಲರಿಗೂ ಕೈ ಮುಗಿಯಬೇಕೆನ್ನಿಸಿತು. ಕುಡಗೋಲು ಹಿಡಿದ ಅಪ್ಪನಿಗೂ, ಕಿಸಕ್ಕೆಂದ ಆ ಯಾರಿಗೋ ಕೂಡ. ಮುಗಿಯಲಿಲ್ಲ. ತಾಲೀಮಿನಲ್ಲಿ ಅದಕ್ಕೆಲ್ಲ ಹೊತ್ತಿರುವುದಿಲ್ಲ.

‘ಖರೆ ಅದ’ ಎಂದಳು. ‘ಮಾಸ್ತರ, ಮ್ಯಾಲಿಂದ ಹಿಡೀರಿ. ದೇವಿಂದ್ರ, ಕುಂದ್ರಪ ತಾಟಿಗಿ.’

ಪೇಟಿಯ ಸ್ವರ ಎದ್ದಿತು. ‘ಉಣ್ಣು’ ಎಂದಳು ಪಾರ್ವತಿಬಾಯಿ. ಆಮೇಲೆ ಸುಮ್ಮನೆ ನಿಂತಳು. ದೇವಿಂದ್ರ ಏನು ಮಾಡಬೇಕೆಂದು ತಿಳಿಯದೆ ಅವಳ ಮುಖ ನೋಡಿದ. ಆಮೇಲೆ ಕೆಸರುಗೈಯಿಂದ ಇಲ್ಲದ ರೊಟ್ಟಿ ಮುರಿದು, ಇಲ್ಲದ ಪಲ್ಯದಲ್ಲಿ ಅದ್ದಿ, ಬಾಯಿಗಿಟ್ಟುಕೊಂಡ. ನಿಧಾನಕ್ಕೆ ಅಗಿದ. ಅವನ ಗಂಟಲಿನ ಗಂಟು ಮೇಲೇರಿ ಇಳಿಯುವವರೆಗೂ ಅವಳು ಕಾದಳು.

ಆಗ ಮಾತು ಬಂತು.